ಊರಿನ ಮನೆ ಬೀಗದ ಮನೆ ಆಗದಿರಲಿ: ಹೊರ್ತಿಯಲ್ಲಿ ಕಟ್ಟಿ ಕಲಿತ ಹನ್ನೊಂದು ಪಾಠಗಳು

ಹೊರ್ತಿ ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು. ರೇವಣಸಿದ್ಧೇಶ್ವರನ ಗುಡಿಯಿಂದ ಸುತ್ತಿನ ಹಳ್ಳಿಗಳಿಗೆಲ್ಲ ಪರಿಚಯ. ಇಂಡಿ ತಾಲ್ಲೂಕಿನ ಈ ಒಣಬೇಸಾಯದ ಸೀಮೆಯಿಂದ ಸೊಲ್ಲಾಪುರ, ಪುಣೆ, ಮುಂಬೈ, ಗೋವಾ, ಬೆಂಗಳೂರುಗಳಿಗೆ ದುಡಿಯಲು ಹೋಗುವುದು ತಲೆಮಾರುಗಳಿಂದ ನಡೆದುಬಂದಿದೆ. 1972ರ ಬರದಲ್ಲಿ ಯಾರ ಮನೆಯವರು ಎಲ್ಲಿಗೆ ಹೋದರು ಎಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಹಾಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಈಗ ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಹಿರಿಯರ ಜಾಗದಲ್ಲಿ ಮನೆ ಕಟ್ಟಬೇಕೆಂದು ಮರಳಿ ಬರುತ್ತಿದ್ದಾರೆ.

ನಾನೂ ಹಾಗೆ ಬಂದವನು. ಪುಣೆಯಲ್ಲಿ ಕಟ್ಟಡಗಳ ಮೇಲ್ವಿಚಾರಣೆ ಮಾಡಿಕೊಂಡಿದ್ದವನು ಊರಿಗೆ ಬಂದು ನಮ್ಮ ಮನೆ ಕಟ್ಟಿದೆ. ಆಮೇಲೆ ಸುತ್ತಲಿನ ಹಳ್ಳಿಗಳ ಕೆಲವು ಕುಟುಂಬಗಳ ಮನೆ ಕೆಲಸಕ್ಕೂ ನಿಂತೆ. ಈ ಓಡಾಟದಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಊರಿನ ಎಷ್ಟೋ ಹೊಸ ಮನೆಗಳ ಬಾಗಿಲು ಜಾತ್ರೆಗೋ ಮದುವೆಗೋ ತೆರೆಯುತ್ತದೆ, ಉಳಿದ ದಿನ ಬೀಗ. ಬೀಗ ಬಿದ್ದ ಮನೆ ಬೇಗ ಹಾಳಾಗುತ್ತದೆ: ಗೆದ್ದಲು ಚೌಕಟ್ಟು ತಿನ್ನುತ್ತದೆ, ಮಾಳಿಗೆಯ ನೀರು ಹೋಗುವ ದಾರಿ ಕಟ್ಟುತ್ತದೆ, ಗೋಡೆಯ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಕೆಳಗಿನ ಪಾಠಗಳೆಲ್ಲದರ ಹಿಂದೆ ನನ್ನ ಮಾತು ಒಂದೇ. ಊರಿನ ಮನೆಯನ್ನು ತೋರಿಸಲು ಕಟ್ಟಬೇಡಿ, ವರ್ಷವಿಡೀ ಯಾರಾದರೂ ಇರುವಂತೆ ಕಟ್ಟಿ.

1. ನಕ್ಷೆಗಿಂತ ಮೊದಲು, ಯಾರು ಇರುತ್ತಾರೆ ಎಂದು ತೀರ್ಮಾನಿಸಿ

ಎಷ್ಟು ಖೋಲಿ, ಎಷ್ಟು ಅಂತಸ್ತು ಎಂಬ ಮಾತು ಆಮೇಲಿನದು. ವಯಸ್ಸಾದ ತಂದೆ ತಾಯಿ ಇರುತ್ತಾರೋ, ಹೊಲ ನೋಡುವ ತಮ್ಮ ಇರುತ್ತಾನೋ, ನೀವೇ ನಿವೃತ್ತಿಯ ನಂತರ ಬರುತ್ತೀರೋ ಎಂಬುದನ್ನು ಮನೆಮಂದಿ ಕೂತು ಮಾತಾಡಬೇಕು. ನಕ್ಷೆಯಲ್ಲಿ ಮೊದಲ ಮಾತು ಇರುವವರದು, ಹಣ ಕೊಡುವವರದಲ್ಲ. ನಮ್ಮ ಅವ್ವನನ್ನು ಕೇಳಿದಾಗ, "ನನಗ ದೊಡ್ಡ ಖೋಲಿ ಬ್ಯಾಡಪಾ, ಕುಂತಲ್ಲಿಂದ ಓಣಿ ಕಾಣಬೇಕು, ಹೋಗೂ ಬರೂ ಮಂದಿ ಮಾತಾಡಸಬೇಕು" ಅಂದಳು. ಅದರಿಂದಲೇ ನಮ್ಮ ಮನೆಯ ಮುಂದೆ ಎತ್ತರದ ಕಾಂಪೌಂಡ್ ಬರಲಿಲ್ಲ, ತಲಬಾಗಿಲಿನ ಎರಡೂ ಬದಿಗೆ ಕಟ್ಟೆ ಬಂತು. ಪಟ್ಟಣದ ಬಂಗಲೆಯ ಗೋಡೆಯನ್ನು ಊರಿಗೆ ತಂದರೆ ಮನೆಯೊಳಗಿನ ಮುದುಕರು ಒಬ್ಬಂಟಿಗಳಾಗುತ್ತಾರೆ.

2. ವಾಟ್ನಿ (ಪಾಲು ವಿಭಾಗ) ಆಗದೆ ಪಾಯಾ ತೆಗೆಯಬೇಡಿ. ಅಕ್ಕ ತಂಗಿಯರನ್ನು ಕೂಡಿಸಿಕೊಳ್ಳಿ

ಹಿರಿಯರ ಜಾಗ ಎಂದರೆ ಹಲವರ ಜಾಗ. ಅಜ್ಜನ ಹೆಸರಿನಲ್ಲೇ ಉಳಿದ ಉತಾರಿ, ವಾರಸಾ ಆಗದ ಖಾತೆ, ಬಾಯಿಮಾತಿನ ಪಾಲು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. "ಅಣ್ಣ ತಮ್ಮಂದಿರು ಒಪ್ಪಿದ್ದಾರೆ" ಎಂಬುದು ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಕರ್ನಾಟಕವು 1994ರಲ್ಲೇ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ, ಈ ಹಕ್ಕು ಕೊಟ್ಟಿತ್ತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿ ಪತ್ರಕ್ಕೆ ಇದರಿಂದ ಧಕ್ಕೆ ಇಲ್ಲ.

ಅಕ್ಕ ತಂಗಿಯರು ತಾವಾಗಿ ಹಕ್ಕು ಬಿಡುವುದಾದರೆ ಬಿಡುಗಡೆ ಪತ್ರವನ್ನು ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಬಿಳಿ ಹಾಳೆಯ ಮೇಲಿನ ಸಹಿಗೆ ಬೆಲೆ ಇಲ್ಲ. ಆದರೆ ಬಿಡಿಸಿಕೊಳ್ಳುವುದೇ ದಾರಿ ಎಂದು ಹೊರಡಬೇಡಿ. "ಪಂಚಮಿಗೆ ಬಂದ್ರ ಮಲಗಾಕ ಒಂದ ಜಾಗಾ ಇದ್ರ ಸಾಕಣ್ಣಾ" ಎಂದು ತಂಗಿ ಹೇಳುತ್ತಾಳೆ. ಅದು ಅವಳ ದೊಡ್ಡ ಮನಸ್ಸು, ಅದನ್ನೇ ಕಾನೂನಿನ ಒಪ್ಪಿಗೆ ಎಂದುಕೊಳ್ಳುವುದು ತಪ್ಪು. ಅವಳ ಪಾಲಿನ ಬೆಲೆ ಕಟ್ಟಿ ಕೊಡಿ, ಇಲ್ಲವೆ ಮನೆಯಲ್ಲೇ ಅವಳ ಭಾಗ ಬರೆಯಿರಿ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ಮನಸ್ಸು ಬಿಚ್ಚಿ ಬರುವ ಮನೆಯೇ ತವರು.

3. ಕಾಗದ ಮತ್ತು ಜಾಗ ಎರಡನ್ನೂ ಒಟ್ಟಿಗೆ ನೋಡಿ

ಜಾಗ ಗ್ರಾಮಠಾಣಾದ ಒಳಗಿದ್ದರೆ ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಬೇಕು. 2013ರಿಂದ ಈ ದಾಖಲೆಗಳು ಕಂಪ್ಯೂಟರಿನಲ್ಲೇ ಬರುತ್ತಿವೆ. ಇವಿಲ್ಲದೆ ಬ್ಯಾಂಕಿನ ಸಾಲ, ನೋಂದಣಿ ಯಾವುದೂ ಸುಲಭವಲ್ಲ. ಕೆಲಸ ಶುರು ಮಾಡುವ ಮುನ್ನ ಪಂಚಾಯಿತಿಯ ಕಟ್ಟಡ ಪರವಾನಗಿ ತೆಗೆದುಕೊಳ್ಳಿ. ಹಳ್ಳಿಯೊಳಗಿನ ಮನೆಗಳ ಗಡಿಯನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ 2020ರಲ್ಲಿ ಶುರುವಾಗಿದೆ. ನಿಮ್ಮ ಊರಿನ ಅಳತೆ ಆಗಿದ್ದರೆ ಅದರ ನಕ್ಷೆಯನ್ನು ನಿಮ್ಮ ಕಾಗದದೊಂದಿಗೆ ಹೋಲಿಸಿ. 1956ರವರೆಗೆ ಈ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಹಳೆಯ ಪೆಟ್ಟಿಗೆಯಲ್ಲಿ ಮರಾಠಿ ಕಾಗದ ಸಿಕ್ಕರೆ ಎಸೆಯಬೇಡಿ, ಓದಬಲ್ಲವರಿಂದ ಓದಿಸಿ. ಎಷ್ಟೋ ಗಡಿಜಗಳ ಅಲ್ಲೇ ಬಗೆಹರಿಯುತ್ತದೆ.

ಊರೊಳಗಿನ ಹಳೆಯ ಜಾಗವೋ, ಹೆದ್ದಾರಿ ಪಕ್ಕದ ಹೊಲವೋ ಎಂಬ ಪ್ರಶ್ನೆ ಹೊರ್ತಿಯಂಥ ಊರಿನಲ್ಲಿ ಎದ್ದೇ ಏಳುತ್ತದೆ. ಹೊಲದಲ್ಲಾದರೆ ಸಾಮಾನ್ಯವಾಗಿ ಎನ್.ಎ. (ಕೃಷಿಯೇತರ ಪರಿವರ್ತನೆ) ಆಗಬೇಕು. ಬಯಲಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ನಡುಗೆರೆಯಿಂದ 40 ಮೀಟರಿನೊಳಗೆ ಕಟ್ಟಡ ಎಬ್ಬಿಸುವಂತಿಲ್ಲ. ಹೊಲದ ವಸ್ತಿಯಲ್ಲಿ ಗಾಳಿ ಬೆಳಕು ಚೆನ್ನ, ಆದರೆ ರಾತ್ರಿ ಮುದುಕರಿಗೆ ಎದೆ ನೋವು ಬಂದರೆ ಕೂಗಿದ ದನಿ ಯಾರಿಗೂ ಕೇಳದು. ವಯಸ್ಸಾದವರು ಇರುವ ಮನೆಗೆ ನನ್ನ ಮತ ಓಣಿಯ ಕಡೆಗೇ.

4. ಹಗೇವು ಎಲ್ಲಿದೆ ಎಂದು ಹಿರಿಯರನ್ನು ಕೇಳಿ

ಹಳೆಯ ಜಾಗದ ಅತಿ ದೊಡ್ಡ ಗುಟ್ಟು ನೆಲದೊಳಗಿದೆ. ಜೋಳ ತುಂಬಿಡುತ್ತಿದ್ದ ಹಗೇವುಗಳು ಮನೆಯ ಮುಂದೆ, ಅಂಗಳದಲ್ಲಿ, ಕೆಲವೊಮ್ಮೆ ಪಡಸಾಲೆಯ ಕೆಳಗೇ ಇರುತ್ತವೆ. ಬಾಯಿ ಮುಚ್ಚಿ ದಶಕಗಳು ಕಳೆದಿದ್ದರೆ ಮೇಲೆ ಗುರುತೇ ಸಿಗುವುದಿಲ್ಲ. ಅದರ ಮೇಲೆ ಗೋಡೆ ಬಂದರೆ ಒಂದು ಮಳೆಗಾಲಕ್ಕೆ ಕುಸಿಯುತ್ತದೆ. ಓಣಿಯ ಹಿರಿಯರಲ್ಲಿ ಒಬ್ಬಿಬ್ಬರಿಗಾದರೂ ಜಾಗ ನೆನಪಿರುತ್ತದೆ. ಜೊತೆಗೆ ಹಾರೆಯಿಂದ ನೆಲ ಕುಟ್ಟಿ ಟೊಳ್ಳು ದನಿ ಕೇಳಿ.

ಸಿಕ್ಕ ಹಗೇವಿನೊಳಗೆ ಯಾರನ್ನೂ ಏಕಾಏಕಿ ಇಳಿಸಬೇಡಿ. ಒಳಗೆ ಪ್ರಾಣವಾಯು ಇರುವುದಿಲ್ಲ, ಇಳಿದವರು ಉಸಿರುಕಟ್ಟಿ ಸಾಯುತ್ತಾರೆ. ಕಾಪಾಡಲು ಹೋದವರೂ ಅಲ್ಲೇ ಬೀಳುತ್ತಾರೆ. ಬಾಯಿ ದೊಡ್ಡದು ಮಾಡಿ ದಿನಗಟ್ಟಲೆ ತೆರೆದಿಡಿ. ತುಂಬಿಸುವ ಕೆಲಸವನ್ನು ಮೇಲಿನಿಂದಲೇ ಮಾಡಿ: ಗರಸು (ಮೊರಂ ಮಣ್ಣು) ಹಾಕುವುದು, ನೀರು ಚಿಮುಕಿಸುವುದು, ಉದ್ದ ಕಂಬದಿಂದ ಕುಟ್ಟುವುದು, ಹೀಗೆ ಪದರ ಪದರವಾಗಿ.

5. ಎರಿ ಮಣ್ಣನ್ನು ನಂಬಿ ಗೋಡೆ ಎಬ್ಬಿಸಬೇಡಿ

ಜೋಳಕ್ಕೆ ವರವಾದ ಎರಿ ಮಣ್ಣು ಮನೆಗೆ ಕಷ್ಟ. ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಬಹುತೇಕ ಇದರದ್ದೇ ಕೆಲಸ. ಗೌಂಡಿಗಳು ಹೇಳುವಂತೆ "ಗಟ್ಟಿ ಹತ್ತೂತನಕ" ಅಗೆಯಬೇಕು. ಐದಾರು ಅಡಿಯಲ್ಲಿ ಗರಸು ಸಿಕ್ಕರೆ ಪಾಯಾ ಅಲ್ಲಿಂದಲೇ ಏಳಲಿ. ಎರಿ ಇನ್ನೂ ಆಳಕ್ಕಿದ್ದರೆ, ಬುಡದಲ್ಲಿ ಗಡ್ಡೆಯಂತೆ ಅಗಲಗೊಳಿಸಿದ ಅಂಡರ್‌ರೀಮ್ಡ್ ಪೈಲ್‌ಗಳನ್ನು ಇಳಿಸುವುದು ಒಳ್ಳೆಯದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಪದ್ಧತಿ ಇದು. ಋತುವಿನ ಉಬ್ಬು–ಕುಗ್ಗು ನೆಲದಿಂದ ಸುಮಾರು ಮೂರೂವರೆ ಮೀಟರ್ ಆಳದವರೆಗೆ ಇರುತ್ತದೆ, ಪೈಲ್ ಅದನ್ನು ದಾಟಿ ನಿಲ್ಲುತ್ತದೆ. ಪೈಲ್‌ಗಳ ಮೇಲಿನ ಬೀಮ್ ನೆಲಕ್ಕೆ ತಾಗದಂತೆ 80 ಮಿಲಿಮೀಟರ್ ಸಂದು ಇರಲಿ. ಆಗ ಮಣ್ಣು ಉಬ್ಬಿದರೂ ಬೀಮನ್ನು ಎತ್ತುವುದಿಲ್ಲ.

ಪಾಯಾದಿಂದ ಬಂದ ಕರಿ ಮಣ್ಣನ್ನೇ ನೆಲದ ಕೆಳಗೆ ತುಂಬಿಸುವುದನ್ನು ತಡೆಯಿರಿ, ಅಲ್ಲಿ ಗರಸೇ ಬೇಕು. ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಅಂಟುಗುಣದ ಮಣ್ಣಿನ ಗಟ್ಟಿ ಪದರ ಹಾಸಿದರೆ ಅದು ಹತೋಟಿಗೆ ಬರುತ್ತದೆಂದು ಮುಂಬೈ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ತೋರಿಸಿಕೊಟ್ಟರು. ಮನೆಯ ಸುತ್ತ ನಾಲ್ಕೈದು ಅಡಿ ಅಗಲ ಫರಸಿ ಹಾಸಿ, ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ಬೀಳದಂತೆ ದೂರ ಹಾಯಿಸಿ. ಬೇವಿನ ಗಿಡ ಬೇಕೇ ಬೇಕು, ಆದರೆ ಗೋಡೆಯಿಂದ ದೂರ.

6. ಕಲ್ಲಿನ ಗೋಡೆ ಇರಲಿ, ಅದಕ್ಕೆ ಪಟ್ಟಿ ಇರಲಿ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಅಲ್ಲಿ ಕುಸಿದವು ನಮ್ಮ ಮಾಳಿಗೆ ಮನೆಗಳ ಬಗೆಯವೇ: ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ತೊಲೆ ಜಂತಿಗಳ ಮೇಲೆ ಮಣ್ಣಿನ ಭಾರ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೊ ತೂಗುತ್ತದೆ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಸುಮಾರು 310 ಕಿಲೊ. ವಿಜಯಪುರದ ಸುತ್ತ 2021ರಲ್ಲೂ ಸಣ್ಣ ಕಂಪನಗಳಾದವು.

ಕರಿಕಲ್ಲು ನಮ್ಮ ನೆಲದ್ದೇ. ಹಳೆಯ ಗೋಡೆಯ ಕಲ್ಲನ್ನು ತೊಳೆದು ಮತ್ತೆ ಬಳಸಿ, ಖರ್ಚೂ ಉಳಿಯುತ್ತದೆ, ಹಿರಿಯರು ಹೊತ್ತು ತಂದ ಕಲ್ಲೂ ಮನೆಯಲ್ಲೇ ಉಳಿಯುತ್ತದೆ. ಆದರೆ ಕಟ್ಟುವುದು ಸಿಮೆಂಟು ಅಥವಾ ಸುಣ್ಣದ ಗಾರೆಯಲ್ಲಿ. ಗೋಡೆಯ ಎರಡೂ ಮುಖ ಹಿಡಿಯುವ ಉದ್ದಗಲ್ಲುಗಳನ್ನು ಎರಡು ಅಡಿಗೊಂದು ವರಸೆಯಲ್ಲಿ ಇಡಿಸಿ. ಒಳಗೆ ಚೂರುಗಲ್ಲು ತುಂಬಿ ಎರಡು ತೆಳು ಗೋಡೆ ಮಾಡುವುದನ್ನು ಒಪ್ಪಬೇಡಿ. ಪ್ಲಿಂತ್, ಲಿಂಟಲ್, ಮಾಳಿಗೆ ಈ ಮೂರು ಮಟ್ಟದಲ್ಲಿ ಮನೆಯ ಸುತ್ತ ತುಂಡಾಗದೆ ಹೋಗುವ ಕಾಂಕ್ರೀಟ್ ಪಟ್ಟಿ ಕಡ್ಡಾಯ.

7. ಬಿಸಿಲಿಗೆ ಹೆದರಿ ನಕ್ಷೆ ಮಾಡಿ

ನಮ್ಮ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬರೀ ಸ್ಲ್ಯಾಬಿನ ಕೆಳಗೆ ರಾತ್ರಿಯೂ ಮಲಗಲಾಗದು. ಹಳೆಯ ಮಾಳಿಗೆ ಮನೆ ತಂಪಾಗಿದ್ದುದು ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಕಡಿಮೆ ಕಿಟಕಿ, ನಡುವಿನ ಬೆಳಕಿಂಡಿ, ಈ ನಾಲ್ಕರಿಂದ. ಭಾರದ ಮಣ್ಣನ್ನು ಬಿಟ್ಟು ಉಳಿದದ್ದನ್ನೆಲ್ಲ ಉಳಿಸಿಕೊಳ್ಳಬಹುದು. ಸ್ಲ್ಯಾಬಿನ ಮೇಲೆ ಇಟ್ಟಂಗಿ ಚೂರು ಮತ್ತು ಸುಣ್ಣದ ಗಾರೆಯ ಪದರ ಹಾಕಿ ಪ್ರತಿ ಬೇಸಿಗೆಗೆ ಬಿಳಿ ಸುಣ್ಣ ಬಳಿಯಿರಿ. ಪಡುವಣ ಗೋಡೆಗೆ ಕಿಟಕಿ ಕಡಿಮೆ ಮಾಡಿ. ಬಚ್ಚಲು, ಸಾಮಾನಿನ ಖೋಲಿ, ಮೆಟ್ಟಿಲು ಆ ಕಡೆ ಬರಲಿ. ಬೆಳಕಿಂಡಿಗೆ ಗಾಜು ಹಾಕಿ ಮುಚ್ಚಿಬಿಡಬೇಡಿ; ಬಿಸಿ ಗಾಳಿ ಹೊರಹೋಗಲು ಬದಿಯಲ್ಲಿ ಜಾಳಿಗೆ ಇರಲಿ. ನೆಲಕ್ಕೆ ಹೊಳೆಯುವ ಟೈಲ್ಸ್‌ಗಿಂತ ಶಹಾಬಾದಿ ಫರಸಿ ಕಾಲಿಗೆ ತಂಪು, ಮುದುಕರು ಜಾರುವುದೂ ಕಡಿಮೆ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವ ರೂಢಿ ನಮ್ಮದು, ಅದಕ್ಕಾಗಿ ಮೆಟ್ಟಿಲು ಅಗಲವಾಗಿ, ಕೈಹಿಡಿಯೊಂದಿಗೆ ಇರಲಿ.

8. ನೀರಿನ ಲೆಕ್ಕ ಮಾಳಿಗೆಯಿಂದ ಶುರುವಾಗಲಿ

ಕೃಷ್ಣೆಯ ನೀರನ್ನು ಎತ್ತಿ ಈ ಭಾಗಕ್ಕೆ ತರುವ ಏತ ನೀರಾವರಿ ಯೋಜನೆಗೆ ನಮ್ಮ ರೇವಣಸಿದ್ಧೇಶ್ವರನ ಹೆಸರೇ ಇದೆ. ಅದು ಹೊಲದ ಆಸೆ. ಮನೆಯ ನೀರಿನ ಹೊಣೆ ಮನೆಯದೇ. ಕರಿಕಲ್ಲಿನ ನೆಲದಲ್ಲಿ ನೀರು ಬಿರುಕುಗಳಲ್ಲಷ್ಟೇ ನಿಲ್ಲುವುದರಿಂದ ಪಕ್ಕದವರ ಬೋರಿಗೆ ನೀರು ಬಿದ್ದರೆ ನಿಮಗೂ ಬೀಳುತ್ತದೆಂಬ ಖಾತ್ರಿ ಇಲ್ಲ.

ಮಳೆ ಲೆಕ್ಕ ಹಾಕಿ. 1000 ಚದರ ಅಡಿಯ ಮಾಳಿಗೆ, ವರ್ಷಕ್ಕೆ 550 ಮಿಲಿಮೀಟರ್ ಮಳೆ ಎಂದು ಹಿಡಿದರೆ ಬೀಳುವುದು ಸುಮಾರು 51,000 ಲೀಟರ್. ಐದನೇ ಒಂದು ಪಾಲು ಪೋಲಾದರೂ 40,000 ಲೀಟರ್ ಕೈಗೆ ಸಿಗುತ್ತದೆ. ನಾಲ್ಕು ಜನರ ಕುಡಿಯುವ, ಅಡುಗೆಯ ನೀರಿಗೆ ದಿನಕ್ಕೆ 40 ಲೀಟರಿನಂತೆ ವರ್ಷಕ್ಕೆ 14,600 ಲೀಟರ್ ಸಾಕು. ಎಂದರೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಆರೂವರೆ ಅಡಿ ಆಳದ ಒಂದು ತೊಟ್ಟಿ ಕುಟುಂಬದ ವರ್ಷವನ್ನು ದಾಟಿಸುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಸುಕು–ಖಡಿಯ ಸೋಸುಗುಂಡಿ ಹಾಯಿಸಿ ತುಂಬಿಸಿ. ತೊಟ್ಟಿ ನೆಲದೊಳಗಾದರೆ ಅದೂ ಗರಸಿನ ಮೇಲೆಯೇ ಕೂರಬೇಕು.

ಕಟ್ಟಡಕ್ಕೆ ಬಳಸುವ ನೀರನ್ನೂ ಪರೀಕ್ಷೆ ಮಾಡಿಸಿ. ಸಳಿ (ಕಬ್ಬಿಣದ ಸರಳು) ಹಾಕುವ ಕಾಂಕ್ರೀಟಿಗೆ ಬಳಸುವ ನೀರಿನ ಲೀಟರಿನಲ್ಲಿ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಸವಳು ನೀರು ಸಳಿಗೆ ತುಕ್ಕು ಹಿಡಿಸುತ್ತದೆ. ಶೌಚದ ಗುಂಡಿಯ ವಿಷಯದಲ್ಲೂ ಎರಿ ಮಣ್ಣು ನೆನಪಿರಲಿ: ಅದರಲ್ಲಿ ನೀರು ಬೇಗ ಕೆಳಗಿಳಿದು ಇಂಗುವುದಿಲ್ಲ, ಹಾಗಾಗಿ ಇಂಗುಗುಂಡಿ ಗರಸಿನವರೆಗೆ ಇಳಿಯಬೇಕು. ಸ್ನಾನದ ನೀರು ಹಿತ್ತಲಿಗೆ ಹೋಗಲಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆಯ ಎರಡು ಗಿಡ ಆ ನೀರಿನಲ್ಲೇ ಬೆಳೆಯುತ್ತವೆ.

9. ಖೋಲಿ ಕಡಿಮೆ, ಪಡಸಾಲೆ ದೊಡ್ಡದು

ದಿನಾ ಇರುವವರು ಇಬ್ಬರು ಮೂವರು, ಎಳ್ಳಮಾಸಿಗೆ ಸೇರುವವರು ಮೂವತ್ತು ಜನ. ಹಬ್ಬಕ್ಕೆಂದು ಆರು ಖೋಲಿ ಕಟ್ಟಿದರೆ ವರ್ಷವಿಡೀ ಕಸ ಹೊಡೆಯುವವರು ಆ ಇಬ್ಬರೇ. ಎರಡು ಖೋಲಿ, ಅಡುಗೆಮನೆ, ದೇವರ ಮನೆ, ಒಳಗೇ ಬಚ್ಚಲು, ಹಿಡಿಕೆ ಇರುವ ಕಮೋಡ್, ಇವು ಮೆಟ್ಟಿಲು ಹತ್ತದೆ ಕೆಳಗೇ ಸಿಗಲಿ. ಉಳಿದ ಅಂಕಣಗಳನ್ನು ಕೂಡಿಸಿ ಒಂದೇ ದೊಡ್ಡ ಪಡಸಾಲೆ ಮಾಡಿ. ಅಲ್ಲಿ ಪಂಗ್ತಿಯೂ ಕೂರುತ್ತದೆ, ಚಾಪೆ ಹಾಸಿದರೆ ಇಪ್ಪತ್ತು ಜನ ಮಲಗುತ್ತಾರೆ, ಜೋಳದ ಚೀಲವನ್ನೂ ಇಡಬಹುದು. ಮೇಲಂತಸ್ತು ಮುಂದಿನವರಿಗೆ ಬಿಡಿ; ಪಾಯಾ, ಕಾಲಂ ಮಾತ್ರ ಅದಕ್ಕೆ ತಕ್ಕಂತೆ ಇರಲಿ.

10. ಊರಿನ ಪಂಚಾಂಗ ನೋಡಿ ಕೆಲಸ ಹಚ್ಚಿ

ಹಿಂಗಾರಿ ಬಿತ್ತನೆ, ಜೋಳದ ಸುಗ್ಗಿ, ಕಬ್ಬು ಕಡಿಯಲು ಹೊರಡುವ ಗುಂಪುಗಳು, ಇವನ್ನು ಮೀರಿ ಆಳು ಸಿಗುವುದಿಲ್ಲ. ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರಿನದು, ಆಗ ಎರಿಯಲ್ಲಿ ಪಾಯಾ ತೆಗೆಯುವುದು ಕೆಸರಿನ ಕೆಲಸ. ದಸರೆಯೊಳಗೆ ಗೌಂಡಿ ಗುಂಪನ್ನು ಗೊತ್ತು ಮಾಡಿ, ದೀಪಾವಳಿ ಆದ ಮೇಲೆ ಪಾಯಾ, ಶಿವರಾತ್ರಿಯೊಳಗೆ ಸ್ಲ್ಯಾಬ್ ಎಂಬುದು ನಾನು ಹಿಡಿದ ಕ್ರಮ. ಯುಗಾದಿ ದಾಟಿದರೆ ಸ್ಲ್ಯಾಬಿಗೆ ನೀರುಣಿಸುವುದೇ ಕಷ್ಟ. ನಮ್ಮ ಬಿಸಿಲಿಗೆ ಹದಿನಾಲ್ಕು ದಿನ ಬಿಡದೆ ನೀರು ನಿಲ್ಲಿಸಬೇಕು.

ಗುತ್ತಿಗೆಯ ಕರಾರು ಬರೆದುಕೊಳ್ಳಿ: ಅಳತೆ, ದರ, ಯಾವ ಹಂತಕ್ಕೆ ಎಷ್ಟು ಹಣ. ಉಸುಕು, ಖಡಿಯ ಬ್ರಾಸ್ ಲೆಕ್ಕವನ್ನು ಗಾಡಿ ಬಂದಾಗಲೇ ಅಳೆಯಿರಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಕೆಲಸಗಾರರ ಪಗಾರವನ್ನು ಸಂತೆಯ ಹಿಂದಿನ ದಿನವೇ ಕೊಡಿ. ಊರ ಗೌಂಡಿ, ಊರ ಬಡಿಗೇರರಿಗೆ ಕೆಲಸ ಕೊಟ್ಟರೆ ಮುಂದೆ ಬಾಗಿಲು ಕುಂತಾಗ, ಮಾಳಿಗೆ ಸೋರಿದಾಗ ಕರೆದ ಕೂಡಲೇ ಬರುವವರು ಅವರೇ. ದೂರದ ಪಟ್ಟಣದಿಂದ ಬಂದ ಗುಂಪು ಸ್ಲ್ಯಾಬ್ ಹಾಕಿ ಹೋದ ಮೇಲೆ ಮರಳುವುದಿಲ್ಲ.

11. ಕೀಲಿ ಯಾರ ಕೈಯಲ್ಲಿ ಎಂದು ಬರೆದಿಡಿ

ನಕ್ಷೆಗೂ ಮೊದಲು ಅಣ್ಣ ತಮ್ಮ, ಅಕ್ಕ ತಂಗಿಯರೆಲ್ಲ ಕೂತು ಒಂದು ಹಾಳೆ ಬರೆಯಿರಿ. ಇರುವವರು ಯಾರು, ಕರೆಂಟು–ನೀರಿನ ಬಿಲ್ಲು ಯಾರದು, ವರ್ಷದ ಸುಣ್ಣ ಬಣ್ಣಕ್ಕೆ ಯಾರು ಎಷ್ಟು ಕೊಡಬೇಕು, ಹಬ್ಬಕ್ಕೆ ಬರುವವರು ಎಲ್ಲಿ ಇಳಿಯಬೇಕು, ತಂದೆ ತಾಯಿಯ ನಂತರ ಮನೆ ಯಾರ ಸುಪರ್ದಿಗೆ ಎಂಬುದೆಲ್ಲ ಅದರಲ್ಲಿ ಬರಲಿ. ಮನೆಯ ಒಟ್ಟು ಖರ್ಚಿನ ಹತ್ತರಲ್ಲೊಂದು ಪಾಲನ್ನು ಕಟ್ಟುವಾಗಲೇ ತೆಗೆದು ಜಂಟಿ ಖಾತೆಯಲ್ಲಿಡಿ. ದುರಸ್ತಿಗೆ ಪ್ರತಿ ಸಲ ಕೈಚಾಚುವುದರಿಂದಲೇ ಮನಸ್ಸು ಕೆಡುವುದು.

ಕುಟುಂಬದಿಂದ ಯಾರೂ ಇರಲಾಗದ ವರ್ಷ ಬಂದರೆ ಬೀಗ ಹಾಕಬೇಡಿ. ಹೊರ್ತಿಯಂಥ ಹೆದ್ದಾರಿ ಊರಿಗೆ ವರ್ಗವಾಗಿ ಬರುವ ಮಾಸ್ತರರು, ನರ್ಸಮ್ಮನವರು, ಬ್ಯಾಂಕಿನವರು ಬಾಡಿಗೆ ಮನೆ ಹುಡುಕುತ್ತಾರೆ. ಒಂದು ಖೋಲಿ ನಿಮಗಿಟ್ಟುಕೊಂಡು ಉಳಿದದ್ದನ್ನು ಕರಾರು ಬರೆದು ಬಾಡಿಗೆಗೆ ಕೊಡಿ. ನಿತ್ಯ ಒಲೆ ಉರಿಯುವ, ಅಂಗಳಕ್ಕೆ ನೀರು ಹೊಡೆಯುವ ಮನೆಯಲ್ಲಿ ಸಣ್ಣ ಬಿರುಕೂ ಸಕಾಲಕ್ಕೆ ಕಣ್ಣಿಗೆ ಬೀಳುತ್ತದೆ, ಸಕಾಲಕ್ಕೆ ದುರಸ್ತಿಯಾಗುತ್ತದೆ. ನೀವು ಮರಳಿ ಬರುವ ದಿನಕ್ಕೆ ಆ ಮನೆ ಗಟ್ಟಿಯಾಗಿ ನಿಂತಿರುತ್ತದೆ. ನಕ್ಷೆ ಮಾಡಿಸುವ ಮುನ್ನವೇ ಈ ಹಾಳೆ ಬರೆಯಲು ನಿಮ್ಮ ಕುಟುಂಬ ಸಿದ್ಧವಿದ್ದರೆ, ನೀವು ಊರಲ್ಲಿ ಮನೆ ಕಟ್ಟಲು ಸಿದ್ಧರಾಗಿದ್ದೀರಿ ಎಂದೇ ಅರ್ಥ.